ವಿಂಡೋಸ್ 7 (32 ಬಿಟ್): ಡಿಟಿಪಿ ಅಂಗಡಿಯ ಅನುಭವ

ನಮ್ಮದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಸಂಘಗಳ ವಾರ್ಷಿಕ ವರದಿ, ಅಪರೂಪಕ್ಕೆ ಒಂದು ಕವನ ಸಂಕಲನ. ಇಲ್ಲಿ ವಿಂಡೋಸ್ 7 ಹಾಕಿದ ಕಂಪ್ಯೂಟರ್ ಒಂದು ಇಂದಿಗೂ ದಿನವಿಡೀ ಓಡುತ್ತದೆ. 2009ರಲ್ಲಿ ಬಂದ ಈ ಓಎಸ್‌ಗೆ (ಆಪರೇಟಿಂಗ್ ಸಿಸ್ಟಮ್‌ಗೆ) ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೆ ಬೆಂಬಲ ನಿಲ್ಲಿಸಿತು. "ಇನ್ನೂ ಸೆವೆನ್ನಾ ಸರ್?" ಅಂತ ಕೇಳುವವರು ಜಾಸ್ತಿ. ಹೌದು, ಇನ್ನೂ ಸೆವೆನ್ನೇ.

ಕಾರಣ ಪೇಜ್‌ಮೇಕರ್ 7. ಅದು ಪುಟ ವಿನ್ಯಾಸ ಮಾಡುವ 2001ರ ಸಾಫ್ಟ್‌ವೇರ್. ಅಡೋಬಿ ಕಂಪನಿ ಅದನ್ನು ಅಲ್ಲಿಗೇ ಬಿಟ್ಟು, ಅದೇ ಕೆಲಸದ ಇನ್‌ಡಿಸೈನ್ ಕಡೆ ಹೋಯಿತು. ಆದರೆ ನಮ್ಮ ಹಳೆಯ ಫೈಲುಗಳೆಲ್ಲ ಪೇಜ್‌ಮೇಕರ್‌ನಲ್ಲಿ, ನುಡಿ ಎಂಬ ಕನ್ನಡ ತಂತ್ರಾಂಶದ ಫಾಂಟಿನಲ್ಲಿ ಇವೆ. ಹೋದ ತಿಂಗಳು ಒಬ್ಬರು ಬಂದು, "ದೊಡ್ಡವಳ ಮದುವೆಗೆ ಮಾಡಿದ ಕಾರ್ಡೇ ಇರಲಿ, ಹೆಸರು, ಮುಹೂರ್ತ ಬದಲಾಯಿಸಿ ಕೊಡಿ" ಅಂದರು. ಫೈಲ್ ತೆರೆದರೆ ಗಣಪತಿಯ ಚಿತ್ರ, ಬಾರ್ಡರ್, ಸುಖಾಗಮನ ಬಯಸುವವರ ಪಟ್ಟಿ, ಎಲ್ಲ ಇದ್ದಲ್ಲೇ ಇದ್ದವು. ಅವರು ಕಾಫಿ ಕುಡಿದು ಬರುವಷ್ಟರಲ್ಲಿ ಪ್ರೂಫ್ ರೆಡಿ. ನಮ್ಮಂಥವರಿಗೆ ಓಎಸ್‌ನಿಂದ ಬೇಕಾದ್ದು ಇದೇ.

ವಿಂಡೋಸ್ 7 ಬಂದದ್ದು 32 ಬಿಟ್, 64 ಬಿಟ್ ಎಂಬ ಎರಡು ಬಗೆಯಲ್ಲಿ. ಈ ಕೆಲಸಕ್ಕೆ 32 ಬಿಟ್ ಆವೃತ್ತಿಯೇ ಸರಿ. ಹಳೆಯ ಕೆಲವು ಪ್ರೋಗ್ರಾಂಗಳ ಇನ್‌ಸ್ಟಾಲರ್ 16 ಬಿಟ್‌ನದು. 64 ಬಿಟ್ ವಿಂಡೋಸ್‌ನಲ್ಲಿ ಅದು ಶುರುವೇ ಆಗುವುದಿಲ್ಲ. ವಿಂಡೋಸ್ 11ಕ್ಕಂತೂ 32 ಬಿಟ್ ಆವೃತ್ತಿಯೇ ಇಲ್ಲ. ಹಟ ಮಾಡುವ ಪ್ರೋಗ್ರಾಂ ಇದ್ದರೆ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ಟ್ಯಾಬ್‌ಗೆ ಹೋಗಿ ವಿಂಡೋಸ್ ಎಕ್ಸ್‌ಪಿ ಆಯ್ಕೆ ಮಾಡಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. 32 ಬಿಟ್ ಆವೃತ್ತಿಯ ಮಿತಿ ಅಂದರೆ 4 ಜಿಬಿಗಿಂತ ಹೆಚ್ಚಿನ ರ‍್ಯಾಮ್ ಬಳಸಿಕೊಳ್ಳುವುದಿಲ್ಲ. ಪೇಜ್‌ಮೇಕರ್‌ಗೆ ಅದು ಧಾರಾಳ. ದೊಡ್ಡ ಫ್ಲೆಕ್ಸ್ ಡಿಸೈನ್‌ಗೆ ಸಾಲದು.

"ಎಲ್ಲವನ್ನೂ ಯೂನಿಕೋಡ್‌ಗೆ ಬದಲಾಯಿಸಿ ಮುಗಿಸಿಬಿಡಿ" ಅನ್ನುವುದು ಸುಲಭ. ಯೂನಿಕೋಡ್‌ನಲ್ಲಿ ಕನ್ನಡದ ಅಕ್ಷರಗಳಿಗೆ ಅವುಗಳದ್ದೇ ಸಂಕೇತಗಳಿವೆ. ಆದರೆ ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿಕೊಂಡಿವೆ. ಫಾಂಟ್ ಇಲ್ಲದೆ ನೋಡಿದರೆ 'ಕನ್ನಡ' ಅನ್ನುವ ಪದ ದೊಡ್ಡ 'ಪಿ'ಯಿಂದ ಶುರುವಾಗುತ್ತದೆ, 'ನ' ಇರಬೇಕಾದ ಕಡೆ ಪೌಂಡ್ ಚಿಹ್ನೆ ಇರುತ್ತದೆ. ಕನ್ವರ್ಟರ್‌ಗಳು ಇದನ್ನು ಬಹುಮಟ್ಟಿಗೆ ಸರಿಯಾಗಿಯೇ ಬದಲಾಯಿಸುತ್ತವೆ. ಆದರೆ ಮಧ್ಯೆ ನಿಜವಾದ ಇಂಗ್ಲಿಷ್ ಪದ ಬಂದರೆ, ಅದನ್ನೂ ಕನ್ನಡ ಅಂತ ತಿಳಿದು ಅರ್ಥವಿಲ್ಲದ ಅಕ್ಷರ ಸುರಿಯುತ್ತವೆ. ಅರ್ಕಾವತ್ತಿನ ಮೇಲೂ ಕಣ್ಣಿಡಬೇಕು. ನುಡಿಯಲ್ಲಿ ಅದು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ 'ರ್' ಮೊದಲು ಬರುತ್ತದೆ. ಅಂದರೆ ಪ್ರತಿ ಪುಟವನ್ನೂ ಮತ್ತೆ ಪ್ರೂಫ್ ನೋಡಬೇಕು. ಅದಕ್ಕೆ ಯಾರು ದುಡ್ಡು ಕೊಡುತ್ತಾರೆ? ಇದರ ಜೊತೆಗೆ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಬರುವುದೇ ಇಲ್ಲ. ಹಾಗಾಗಿ ಪುಟವನ್ನೂ ಬೇರೆ ಕಡೆ ಹೊಸದಾಗಿ ಕಟ್ಟಬೇಕು. ಅಪ್‌ಗ್ರೇಡ್ ಬೇಡ ಅನ್ನುವವರನ್ನು ಸೋಮಾರಿಗಳು ಅಂತ ಕರೆಯುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಹಾಗಂತ ವಿಂಡೋಸ್ 7 ಕಂಪ್ಯೂಟರನ್ನು ಇಂಟರ್‌ನೆಟ್‌ಗೆ ಜೋಡಿಸಬೇಡಿ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ಹರಡಿದಾಗ ಸಿಕ್ಕಿಬಿದ್ದ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವು ವಿಂಡೋಸ್ 7ನವೇ. ಅದನ್ನು ತಡೆಯುವ ಪ್ಯಾಚ್ (ದೋಷ ಸರಿಪಡಿಸುವ ಅಪ್‌ಡೇಟ್) ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಈಗ ಭದ್ರತೆಯಲ್ಲಿ ಹೊಸ ತೂತು ಕಂಡರೆ ನಮಗೆ ಪ್ಯಾಚ್ ಬರುವುದೇ ಇಲ್ಲ. ಕ್ರೋಮ್ ಕೂಡ 109ನೇ ಆವೃತ್ತಿಗೇ ನಿಂತಿದೆ. ನಮ್ಮಲ್ಲಿ ಈ ಕಂಪ್ಯೂಟರ್‌ಗೆ ನೆಟ್ ಕೇಬಲ್ಲೂ ಇಲ್ಲ, ವೈಫೈಯೂ ಇಲ್ಲ. ಮೇಲ್, ವಾಟ್ಸ್ಆ್ಯಪ್‌ನಲ್ಲಿ ಬಂದ ಮ್ಯಾಟರ್ ಎಲ್ಲ ಪಕ್ಕದ ವಿಂಡೋಸ್ 11 ಕಂಪ್ಯೂಟರ್‌ನಲ್ಲಿ ಇಳಿಸಿ, ಸ್ಕ್ಯಾನ್ ಮಾಡಿ, ಆಮೇಲೆ ಪೆನ್ ಡ್ರೈವ್‌ನಲ್ಲಿ ಬರುತ್ತದೆ. ಗಿರಾಕಿಗಳ ಪೆನ್ ಡ್ರೈವ್ ನೇರವಾಗಿ ಚುಚ್ಚುವುದಿಲ್ಲ, ಎಷ್ಟೇ ಅರ್ಜೆಂಟ್ ಇರಲಿ.

ಹೊಸ ಪುಸ್ತಕದ ಕೆಲಸ ಬಂದರೆ ಯೂನಿಕೋಡ್‌ನಲ್ಲೇ, ಇನ್‌ಡಿಸೈನ್‌ನಲ್ಲೇ ಮಾಡುತ್ತೇವೆ. ಮುಂದೆ ಇ-ಪುಸ್ತಕ ಮಾಡುವಾಗ ಲೇಖಕರಿಗೆ ತೊಂದರೆ ಆಗಬಾರದು ಅಲ್ವಾ. ಹೊಸದಾಗಿ ಅಂಗಡಿ ಹಾಕುವವರು ವಿಂಡೋಸ್ 7 ಹುಡುಕಿಕೊಂಡು ಹೋಗುವ ಅಗತ್ಯವೇ ಇಲ್ಲ. ಹಳೆಯ ಫೈಲು ರಾಶಿ ಇರುವವರು ಮಾತ್ರ ಉಳಿಸಿಕೊಳ್ಳಿ. ಉಳಿಸಿಕೊಂಡವರು ಇವತ್ತೇ ಒಂದು ಕೆಲಸ ಮಾಡಿ: ಕಂಟ್ರೋಲ್ ಪ್ಯಾನೆಲ್‌ನ 'ಬ್ಯಾಕಪ್ ಆ್ಯಂಡ್ ರಿಸ್ಟೋರ್'ಗೆ ಹೋಗಿ ಸಿಸ್ಟಮ್ ಇಮೇಜ್ (ವಿಂಡೋಸ್, ಪ್ರೋಗ್ರಾಂ ಎಲ್ಲ ಸೇರಿದ ಪೂರ್ತಿ ಪ್ರತಿ) ಮಾಡಿ, ಬೇರೆ ಹಾರ್ಡ್ ಡಿಸ್ಕ್‌ನಲ್ಲಿ ಇಡಿ. ಆ ಪ್ರತಿಯನ್ನು ವಾಪಸ್ ಹಾಕುವಾಗ ಕಂಪ್ಯೂಟರ್ ಶುರು ಮಾಡಲು ಬೇಕಾಗುವ ರಿಪೇರಿ ಡಿಸ್ಕ್ ಕೂಡ ಅಲ್ಲೇ ಮಾಡಿಕೊಳ್ಳಬಹುದು. ಈಗಿರುವ ಡಿಸ್ಕ್ ಕೈಕೊಟ್ಟರೆ ಪೇಜ್‌ಮೇಕರ್, ನುಡಿ, ಪ್ರಿಂಟರ್ ಡ್ರೈವರ್ ಎಲ್ಲವನ್ನೂ ಮೊದಲಿನಿಂದ ಹಾಕುವ ಕಷ್ಟ ತಪ್ಪುತ್ತದೆ.