ಬ್ಯಾಟರಿ ಬದಲಿಸುವ ಮುಂಚೆ ಮೀಟರ್ ಹಿಡಿಸಿ: ಮಾಕುಟ್ಟ ಘಾಟಿಯಲ್ಲಿ ಗಾಡಿ ಕೈಕೊಟ್ಟ ಕಥೆ

ಲಾಂಗ್ ರೈಡಿನ ಮಧ್ಯೆ ಬೈಕ್ ಸೆಲ್ಫ್ ತಗೊಳ್ಳದಿದ್ದರೆ ಹೆಚ್ಚಿನ ಕಡೆ ಸಿಗುವ ಉತ್ತರ ಒಂದೇ. "ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕಿಬಿಡಿ." ದಯವಿಟ್ಟು ಆ ಮಾತು ಕೇಳಿದ ತಕ್ಷಣ ಪರ್ಸ್ ತೆಗೆಯಬೇಡಿ. ಇಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜಿಂಗ್ ಬರುತ್ತಿದೆಯಾ ಇಲ್ವಾ ಅಂತ ಮೊದಲು ಮೀಟರ್ (ವೋಲ್ಟೇಜ್ ಅಳೆಯುವ ಮಲ್ಟಿಮೀಟರ್) ಹಿಡಿದು ತೋರಿಸಲು ಹೇಳಿ. ಐದು ನಿಮಿಷವೂ ಬೇಡ. ಅಷ್ಟಕ್ಕೂ ಒಪ್ಪದ ಅಂಗಡಿಯಿಂದ ಎದ್ದು ಬನ್ನಿ. ಮಳೆಗಾಲದಲ್ಲಿ ಕೊಡಗಿನ ಕಡೆ ಹೊರಟಿರುವವರು ಇದನ್ನು ಪೂರ್ತಿ ಓದಿ.

ನಾವಿಬ್ಬರು ಒಂದೇ ಗಾಡಿಯಲ್ಲಿ ಬೆಂಗಳೂರಿನಿಂದ ಕಣ್ಣೂರಿಗೆ ಹೊರಟಿದ್ದೆವು. ಕುಶಾಲನಗರ, ಮಡಿಕೇರಿ, ಮೂರ್ನಾಡು, ವಿರಾಜಪೇಟೆ, ಆಮೇಲೆ ಪೆರುಂಬಾಡಿ ದಾಟಿ ಮಾಕುಟ್ಟ ಘಾಟಿ ಇಳಿದು ಇರಿಟ್ಟಿ. ಜುಲೈ ತಿಂಗಳು, ಕೊಡಗಿನ ಮಳೆ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಕುಶಾಲನಗರದ ಹತ್ತಿರ ರಾತ್ರಿ ಉಳಿದೆವು. ಆ ಸಂಜೆಯೇ ಹಾರ್ನ್‌ಗೆ ಗಂಟಲು ಕಟ್ಟಿತ್ತು. ಬ್ರೇಕ್ ಹಿಡಿದರೆ ಇಂಡಿಕೇಟರ್ ಮಂಕಾಗುತ್ತಿತ್ತು. ಬೆಳಿಗ್ಗೆ ಸ್ವಿಚ್ ಒತ್ತಿದರೆ ಸೀಟಿನ ಕೆಳಗೆ ಟಕ್ ಟಕ್ ಅನ್ನುವ ಸದ್ದು ಬಿಟ್ಟರೆ ಏನೂ ಇಲ್ಲ.

ದಾರಿಯಲ್ಲಿದ್ದ ಒಂದು ಬ್ಯಾಟರಿ ಅಂಗಡಿಗೆ ತಳ್ಳಿಕೊಂಡು ಹೋದೆವು. ಹೆಸರು ಬೇಡ. ಅಲ್ಲಿದ್ದವನು ಟರ್ಮಿನಲ್ ಮುಟ್ಟಿಯೂ ನೋಡಲಿಲ್ಲ. "ಮಳೆಗೆ ಬ್ಯಾಟರಿ ವೀಕ್ ಆಗುತ್ತೆ ಸಾರ್" ಅಂದ. ಹೊಸದು ಹಾಕಿದ, ಹಳೆಯದನ್ನು ಎಕ್ಸ್‌ಚೇಂಜ್ ಅಂತ ಇಟ್ಟುಕೊಂಡು ಬೆಲೆಯಲ್ಲಿ ಚೂರು ಕಡಿಮೆ ಮಾಡಿದ. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. "ಚಾರ್ಜಿಂಗ್ ಒಮ್ಮೆ ನೋಡ್ತೀರಾ?" ಅಂತ ಕೇಳಿದೆ. "ಸೆಲ್ಫ್ ಹೊಡೀತಲ್ವಾ, ಇನ್ನೇನು ನೋಡೋದು?" ಅಂದ.

ಮೋಸ ಇರುವುದು ಇಲ್ಲೇ. ಹೊಸ ಬ್ಯಾಟರಿ ಚಾರ್ಜ್ ಆಗಿಯೇ ಕೈಗೆ ಬರುತ್ತದೆ. ಬೋರ್‌ವೆಲ್ ಮೋಟಾರ್ ಸುಟ್ಟಿದ್ದರೂ ಟ್ಯಾಂಕಿನಲ್ಲಿ ನೀರಿರುವ ತನಕ ನಲ್ಲಿ ಬರುತ್ತದಲ್ಲ, ಹಾಗೆ. ಗಾಡಿ ಸ್ಟಾರ್ಟ್ ಆಯಿತು ಅನ್ನುವುದರಿಂದ ಚಾರ್ಜಿಂಗ್ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಈಗಿನ ಬೈಕಿನಲ್ಲಿ ಪೆಟ್ರೋಲ್ ಪಂಪ್, ಇಂಜೆಕ್ಟರ್, ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ಬ್ರೇಕ್ ವ್ಯವಸ್ಥೆ) ಎಲ್ಲವೂ ಕರೆಂಟಿನ ಮೇಲೆ ನಿಂತಿವೆ. 2017ರ ಏಪ್ರಿಲ್‌ನಿಂದ ಬಂದ ಹೊಸ ಗಾಡಿಗಳಲ್ಲಿ ಹೆಡ್‌ಲೈಟ್ ಆರಿಸುವ ಸ್ವಿಚ್ಚೇ ಇಲ್ಲ. ಎಲ್ಲ ಸೇರಿ 100 ವಾಟ್ ಎಳೆದರೆ 8 ಆಂಪ್ ಆಯಿತು. ಚಾರ್ಜಿಂಗ್ ಇಲ್ಲದಿದ್ದರೆ 8 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಒಂದು ಗಂಟೆಗೆ ಖಾಲಿ. ಮಂಜಿಗೆ ಅಂತ ತಲಾ 40 ವಾಟಿನ ಫಾಗ್ ಲ್ಯಾಂಪ್ ಜೋಡಿ ಹಾಕಿಸಿಕೊಂಡವರಿಗೆ ಇನ್ನೂ ಆರೇಳು ಆಂಪ್ ಜಾಸ್ತಿ.

ನಮ್ಮದು ವಿರಾಜಪೇಟೆ ದಾಟಿತು. ಪೆರುಂಬಾಡಿ ಬಿಟ್ಟ ಮೇಲೆ ಕಾಡು, ತಿರುವು, ಇಳಿಜಾರು. ಮೊದಲು ಎಬಿಎಸ್ ದೀಪ ಹತ್ತಿ ಹಾಗೇ ಉಳಿಯಿತು. ಆಮೇಲೆ ಸ್ಪೀಡೋಮೀಟರ್ ಡಿಸ್‌ಪ್ಲೇ ಒಮ್ಮೆ ಆರಿ ಮತ್ತೆ ಹತ್ತಿತು. ಇನ್ನೊಂದು ತಿರುವಿಗೆ ಇಂಜಿನ್ನೇ ಆಫ್. ಹಿಂದೆ ಕೇರಳದ ಬಸ್ಸು ಬರುತ್ತಿತ್ತು, ಪುಣ್ಯಕ್ಕೆ ಬ್ರೇಕ್ ಹಿಡಿದ. ಇಳಿಜಾರಿದೆಯಲ್ಲ, ತಳ್ಳಿ ಗೇರಿಗೆ ಹಾಕಿದರೆ ಹೊಡೆಯಬಹುದು ಅಂತ ಗೆಳೆಯ ಅಂದ. ಕಾರ್ಬುರೇಟರ್ ಇದ್ದ ಹಳೆಯ ಎಷ್ಟೋ ಗಾಡಿಗಳಲ್ಲಿ ಅದು ನಡೆಯುತ್ತಿತ್ತು. ಇಂಜೆಕ್ಷನ್ ಗಾಡಿಯಲ್ಲಿ ಬ್ಯಾಟರಿ ಪೂರ್ತಿ ಸತ್ತಿದ್ದರೆ ಪಂಪೇ ತಿರುಗುವುದಿಲ್ಲ, ಸುಮ್ನೆ ಸುಸ್ತಾಗುತ್ತದೆ ಅಷ್ಟೇ.

ಫೋನಿನಲ್ಲಿ ಸಿಗ್ನಲ್ ಇಲ್ಲ. ತರಕಾರಿ ಇಳಿಸಿ ವಾಪಸ್ ಬರುತ್ತಿದ್ದ ಒಂದು ಖಾಲಿ ಪಿಕಪ್ ನಿಲ್ಲಿಸಿತು. "ಇಲ್ಲಿ ನಿಲ್ಬೇಡಿ ಮಾರಾಯ್ರೆ, ಸಂಜೆ ಮೇಲೆ ಆನೆ ದಾಟುತ್ತೆ" ಅಂತ ಡ್ರೈವರ್ ತಾನೇ ಇಳಿದು ಗಾಡಿ ಎತ್ತಲು ಕೈ ಹಾಕಿದರು. ಹಗ್ಗ ಬಿಗಿದು ವಿರಾಜಪೇಟೆಗೆ ವಾಪಸ್. ಬಾಡಿಗೆ ಕೊಟ್ಟರೆ ಡೀಸೆಲ್‌ಗೆ ಆಗುವಷ್ಟು ಮಾತ್ರ ತೆಗೆದುಕೊಂಡರು.

ವಿರಾಜಪೇಟೆಯಲ್ಲಿ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರು ಸಿಕ್ಕರು. ಪ್ರಶ್ನೆಯೇ ಕೇಳದೆ ಮೀಟರ್ ಹಿಡಿದರು. ಬೆಳಿಗ್ಗೆ ಹಾಕಿದ ಬ್ಯಾಟರಿಯಲ್ಲಿ 11.4 ವೋಲ್ಟ್. ತುಂಬಿದ ಬ್ಯಾಟರಿಯಲ್ಲಿ 12.6ರ ಮೇಲೆ ಇರಬೇಕು. ಜಂಪರ್ (ಇನ್ನೊಂದು ಬ್ಯಾಟರಿಯಿಂದ ಕೇಬಲ್) ಕೊಟ್ಟು ಸ್ಟಾರ್ಟ್ ಮಾಡಿ 4000 ಆರ್‌ಪಿಎಂಗೆ ಏರಿಸಿದರು. 12.2. ಅಲ್ಲಿ 14ರ ಆಸುಪಾಸು ಬರಬೇಕಿತ್ತು. "ನೋಡಪ್ಪ, ಬ್ಯಾಟರಿ ಏನ್ ಮಾಡುತ್ತೆ ಪಾಪ" ಅಂದರು.

ಆಮೇಲೆ ಸೈಡ್ ಕವರ್ ಬಿಚ್ಚಿ, ಇಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್‌ನಿಂದ ಆರ್‌ಆರ್ ಯೂನಿಟ್‌ಗೆ (ಆ ಕರೆಂಟನ್ನು ಬ್ಯಾಟರಿಗೆ ಹೊಂದುವಂತೆ ಮಾಡುವ ರೆಗ್ಯುಲೇಟರ್-ರೆಕ್ಟಿಫೈಯರ್) ಹೋಗುವ ಕಪ್ಲರ್, ಅಂದರೆ ವೈರ್ ಜೋಡಿಸುವ ಪ್ಲಗ್, ಎಳೆದರು. ಮೂರು ಹಳದಿ ವೈರ್‌ಗಳಲ್ಲಿ ಒಂದು ಕಾಫಿ ಬಣ್ಣಕ್ಕೆ ತಿರುಗಿತ್ತು. ಅದರ ಪಿನ್ ಸುತ್ತ ಬಿಳಿ ಪ್ಲಾಸ್ಟಿಕ್ ಕರಗಿ ಗುಳಿ ಬಿದ್ದಿತ್ತು. ಪಿನ್ನಿನ ತುದಿ ಹಸಿರು, ಬುಡ ಕಪ್ಪು. ಕೈಗೆ ತಗೊಂಡರೆ ಸುಟ್ಟ ವಾಸನೆ. ನೀರು ಕೂತೋ ಪಿನ್ ಸಡಿಲವಾಗಿಯೋ ಅಲ್ಲಿ ರೆಸಿಸ್ಟೆನ್ಸ್ ಏರುತ್ತದೆ, ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಇನ್ನೂ ಸಡಿಲವಾಗುತ್ತದೆ. ಎಷ್ಟೋ ಬೈಕ್‌ಗಳ ರೆಗ್ಯುಲೇಟರ್ ಶಂಟ್ ಬಗೆಯದು. ಬ್ಯಾಟರಿಗೆ ಬೇಕೋ ಬೇಡವೋ ಕಾಯಿಲ್‌ನಿಂದ ಕರೆಂಟ್ ಹರಿಯುತ್ತಲೇ ಇರುತ್ತದೆ, ಹಾಗಾಗಿ ಕಪ್ಲರ್‌ಗೆ ಬಿಡುವೇ ಇಲ್ಲ. ಒಂದು ವೈರ್ ಹೋದರೂ ಉಳಿದೆರಡರಿಂದ ಒಂದಿಷ್ಟು ಚಾರ್ಜ್ ಬರುತ್ತದೆ. ಅದಕ್ಕೇ ನಮ್ಮ ಗಾಡಿ ವಿರಾಜಪೇಟೆ ತನಕ ಎಳೆದದ್ದು, ಘಾಟಿಯ ಕಡಿಮೆ ಆರ್‌ಪಿಎಂನಲ್ಲಿ ಕೈಚೆಲ್ಲಿದ್ದು.

ಕಪ್ಲರ್ ಬಿಚ್ಚಿದ್ದಾಗಲೇ ಅವರು ಕಾಯಿಲ್ ಕೂಡ ನೋಡಿದರು. ಮೀಟರನ್ನು ಎಸಿಗೆ ಹಾಕಿ, ಇಂಜಿನ್ ಓಡುತ್ತಿರುವಾಗ ಹಳದಿ ವೈರ್‌ಗಳನ್ನು ಎರಡೆರಡಾಗಿ ಅಳೆದರು. ಮೂರೂ ಜೋಡಿಗೆ ಹೆಚ್ಚುಕಡಿಮೆ ಒಂದೇ ವೋಲ್ಟ್ ಬರಬೇಕು, ಬಂತು. ಇಂಜಿನ್ ಆಫ್ ಮಾಡಿ ಯಾವ ಹಳದಿ ವೈರೂ ಬಾಡಿ ಅರ್ತ್‌ಗೆ ತಾಗುತ್ತಿಲ್ಲ ಅಂತ ಖಚಿತ ಮಾಡಿಕೊಂಡರು. ಕಾಯಿಲ್ ಚೆನ್ನಾಗಿದೆ. ಕಪ್ಲರ್ ಕತ್ತರಿಸಿ ಬಿಸಾಕಿ, ವೈರ್ ನೇರ ಬೆಸುಗೆ ಹಾಕಿ ಸ್ಲೀವ್ ಏರಿಸಿದರು. ಹೆಡ್‌ಲೈಟ್ ಹತ್ತಿದ್ದಾಗಲೇ 14.1. ಕೂಲಿ 300 ರೂಪಾಯಿ.

ಅಂದರೆ ನಮ್ಮ ಹಳೆಯ ಬ್ಯಾಟರಿ ಸತ್ತಿರಲಿಕ್ಕೇ ಇಲ್ಲ, ಹಸಿದಿತ್ತು ಅಷ್ಟೇ. ಆ ಅಂಗಡಿಗೆ ಫೋನ್ ಮಾಡಿ ಅದನ್ನಾದರೂ ವಾಪಸ್ ಕೊಡಿ ಅಂತ ಕೇಳಿದೆ. "ಅದು ಗುಜರಿಗೆ ಹೋಯ್ತು ಸಾರ್." ಅದೇ ದಿನ!

ಎಲ್ಲರಿಗೂ ಇಷ್ಟು ಅಗ್ಗಕ್ಕೆ ಮುಗಿಯುವುದಿಲ್ಲ. ಕಾಯಿಲ್ ಸುಟ್ಟಿದ್ದರೆ ಇಂಜಿನ್ ಕವರ್ ಬಿಚ್ಚಬೇಕು, ಸಣ್ಣ ಊರಲ್ಲಿ ಪಾರ್ಟ್ ಸಿಗುವುದು ಕಷ್ಟ. ಆರ್‌ಆರ್ ಯೂನಿಟ್ ಉಲ್ಟಾ ಕೆಟ್ಟರೆ ಮೀಟರ್ 15ರ ಮೇಲೆ ತೋರಿಸುತ್ತದೆ, ಬ್ಯಾಟರಿ ಊದಿಕೊಳ್ಳುತ್ತದೆ, ಬಲ್ಬ್ ಒಂದೊಂದಾಗಿ ಹೋಗುತ್ತವೆ. ಅದು ಇನ್ನೂ ಕೆಟ್ಟದ್ದು. ಹ್ಯಾಂಡಲ್ ಹತ್ತಿರ ಒಂದು ಸಣ್ಣ ವೋಲ್ಟ್ ಮೀಟರ್ ಕೂರಿಸಿಕೊಂಡರೆ ಚಾರ್ಜಿಂಗ್ ಕಡಿಮೆಯಾದರೂ ಹೆಚ್ಚಾದರೂ ಮೊದಲೇ ಕಣ್ಣಿಗೆ ಬೀಳುತ್ತದೆ. ನಾನೀಗ ಹಾಕಿಸಿದ್ದೇನೆ. ಓಡುತ್ತಿರುವಾಗ 13ಕ್ಕಿಂತ ಕೆಳಗೇ ನಿಂತರೆ ಹೆಡ್‌ಲೈಟ್ ಫ್ಯೂಸ್ ಕಿತ್ತು (ಹಗಲಾದರೆ ಮಾತ್ರ, ಮಂಜಲ್ಲಿ ಬೇಡ), ಫೋನ್ ಚಾರ್ಜರ್ ತೆಗೆದು, ಇಂಜಿನ್ ಆಫ್ ಮಾಡದೆ ಹತ್ತಿರದ ಊರು ಸೇರಿ. ಮಡಿಕೇರಿ, ಗೋಣಿಕೊಪ್ಪ, ವಿರಾಜಪೇಟೆಯಲ್ಲಿ ಜನ ಸಿಗುತ್ತಾರೆ. ಕಾಡಿನ ರಸ್ತೆಗೆ ಇಳಿದರೆ ಸಿಗುವುದಿಲ್ಲ.

ಕಾರಿನಿಂದ ಜಂಪರ್ ತಗೊಳ್ಳುವಾಗ ಕಾರಿನ ಇಂಜಿನ್ ಆಫ್ ಇರಲಿ. ಇನ್ನೊಂದು ವಿಷಯ. ಗಾಡಿ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು, "ಆಫ್ ಆಗಲಿಲ್ಲ ನೋಡಿ, ಚಾರ್ಜಿಂಗ್ ಸರಿ ಇದೆ" ಅನ್ನುವ ಮೆಕ್ಯಾನಿಕ್‌ಗಳು ಈಗಲೂ ಇದ್ದಾರೆ. ಬ್ಯಾಟರಿ ತಪ್ಪಿದ ಕೂಡಲೇ ವೋಲ್ಟೇಜ್ ಏಕಾಏಕಿ ಜಿಗಿದು ಇಸಿಯು ಸುಡಬಹುದು. ಅಂಥವರು ಸ್ಪ್ಯಾನರ್ ಎತ್ತಿಕೊಂಡರೆ ಮುಲಾಜಿಲ್ಲದೆ ಕೈ ಹಿಡಿದು ನಿಲ್ಲಿಸಿ. ಇಸಿಯು ಬೆಲೆಗೆ ಎಷ್ಟೋ ಬ್ಯಾಟರಿ ಬರುತ್ತವೆ.