ಐದು ಸ್ವಿಚ್, ಮೂರು ಬಗೆಯ ಸ್ಟ್ಯಾಕ್ ಕೇಬಲಿಂಗ್

ನಮ್ಮ ಕಾಲೇಜಿನ ಮುಖ್ಯ ರ‍್ಯಾಕಿನಲ್ಲಿ ಕಂಪ್ಯೂಟರುಗಳನ್ನು ನೆಟ್‌ವರ್ಕಿಗೆ ಜೋಡಿಸುವ ಸಿಸ್ಕೋ ಕ್ಯಾಟಲಿಸ್ಟ್ 2960-ಎಕ್ಸ್ ಸ್ವಿಚ್‌ಗಳು ಐದಿವೆ. ಐದನ್ನೂ ಬೆಸೆದು ಒಂದೇ ಸ್ವಿಚ್ಚಿನಂತೆ ನಡೆಸುವುದಕ್ಕೆ ‘ಸ್ಟ್ಯಾಕ್’ ಅನ್ನುತ್ತಾರೆ; ಅದಕ್ಕೆಂದೇ ಬೆನ್ನಿಗೆ ಫ್ಲೆಕ್ಸ್‌ಸ್ಟ್ಯಾಕ್-ಪ್ಲಸ್ ಮಾಡ್ಯೂಲ್, ಒಂದೊಂದಕ್ಕೂ ಎರಡು ಪೋರ್ಟ್. ಸಾಲಾಗಿ 1ರಿಂದ 5ರ ವರೆಗೆ ನಂಬರ್; ಬೆಸ ಸಂಖ್ಯೆಯವು ಒಂದು ಯುಪಿಎಸ್ ಮೇಲೆ, 2 ಮತ್ತು 4 ಇನ್ನೊಂದರ ಮೇಲೆ. ಸೆಮಿಸ್ಟರ್ ರಜೆಯಲ್ಲಿ ಮೂರು ಬಗೆಯಲ್ಲಿ ಕೇಬಲ್ ಹಾಕಿ, ಪವರ್ ಕಾರ್ಡ್ ಕಿತ್ತು ಕಿತ್ತು ನೋಡಿದೆ.

ಮೊದಲು ಸರಪಳಿ: 1ರಿಂದ 2, 2ರಿಂದ 3, ಹೀಗೆ ನಾಲ್ಕೇ ಕೇಬಲ್. ಮಧ್ಯದ 3ನೆಯದನ್ನು ಆರಿಸಿದ್ದೇ ತಡ, ಸ್ಟ್ಯಾಕ್ ಇಬ್ಭಾಗ. 4 ಮತ್ತು 5 ಸೇರಿ ತಮ್ಮದೇ ಮಾಸ್ಟರ್ (ಇಡೀ ಸ್ಟ್ಯಾಕನ್ನು ನಡೆಸುವ ಸ್ವಿಚ್) ಮಾಡಿಕೊಂಡವು. ಎರಡೂ ಕಡೆ ಅದೇ ಕಾನ್ಫಿಗ್ (ಸೆಟ್ಟಿಂಗುಗಳು), ಲಾಗಿನ್ ಆಗಲು ಅದೇ ಮ್ಯಾನೇಜ್‌ಮೆಂಟ್ ಐಪಿ, ಪ್ರಾಂಪ್ಟ್‌ನಲ್ಲೂ ಅದೇ ಹೆಸರು. ಲಾಗಿನ್ ಆಗಿ ಯಾವ ಅರ್ಧದೊಳಗೆ ಕೂತಿದ್ದೇನೆ ಅಂತಲೇ ತಿಳಿಯದು. ಇದರ ಬಗ್ಗೆ ಇಷ್ಟು ಸಾಕು.

ಎರಡನೆಯದು ನೇರ ಉಂಗುರ: ಅದೇ ಸರಪಳಿಗೆ 5ರಿಂದ 1ಕ್ಕೆ ಇನ್ನೊಂದು ಕೇಬಲ್. ನಡುನಡುವೆ ಪ್ಯಾಚ್ ಪ್ಯಾನೆಲ್ ಇರುವುದರಿಂದ ಈ ದೂರಕ್ಕೆ ಅರ್ಧ ಮೀಟರ್ ಕೇಬಲ್ ಸಾಲದು, 1 ಮೀಟರಿನದೇ ಬೇಕು. ಅದು ರ‍್ಯಾಕಿನ ಹಿಂದೆ ಪವರ್ ಕಾರ್ಡ್‌ಗಳ ಜೊತೆ ಜೋತಾಡುತ್ತದೆ. ಹಿಂದೊಮ್ಮೆ ಯುಪಿಎಸ್ ಬ್ಯಾಟರಿ ಬದಲಿಸಲು ಬಂದವರ ಕೈಗೆ ಸಿಕ್ಕಿ ಕಳಚಿದ್ದು ಇಂಥದ್ದೇ ಉದ್ದದ ಕೇಬಲ್. ಯಾರೂ ದೂರಲಿಲ್ಲ, ಏಕೆಂದರೆ ಏನೂ ನಿಲ್ಲಲಿಲ್ಲ: ಸ್ಟ್ಯಾಕಿನ ವೇಗ 80 ಜಿಬಿಪಿಎಸ್ (ಸೆಕೆಂಡಿಗೆ 80 ಗಿಗಾಬಿಟ್) ಇದ್ದದ್ದು ಅರ್ಧಕ್ಕಿಳಿದು, ಉಂಗುರ ಸದ್ದಿಲ್ಲದೆ ಸರಪಳಿಯಾಯಿತು. ಲಾಗ್‌ನಲ್ಲಿ ‘ಸ್ಟ್ಯಾಕ್ ಪೋರ್ಟ್ ಡೌನ್’ ಅನ್ನೋ ಒಂದು ಸಾಲು, ಅಷ್ಟೇ. ಅದನ್ನು ಓದುವವರಾದರೂ ಯಾರು?

ಮೂರನೆಯದನ್ನು ನಾನು ಜಡೆ ಅನ್ನುತ್ತೇನೆ. 1ರಿಂದ 3, 3ರಿಂದ 5, 5ರಿಂದ 4, 4ರಿಂದ 2, 2ರಿಂದ 1. ಯಾವ ಕೇಬಲ್ಲೂ ಒಂದಕ್ಕಿಂತ ಹೆಚ್ಚು ಸ್ವಿಚ್ ದಾಟುವುದಿಲ್ಲ, ಎಲ್ಲದಕ್ಕೂ ಅರ್ಧ ಮೀಟರ್ ಸಾಕು. ನಾನು ಜಡೆ ಹಾಕಿದ್ದು ಇಷ್ಟಕ್ಕೇ. ಅಸಲು ಲಾಭ ಕಂಡದ್ದು ಎರಡನೇ ಯುಪಿಎಸ್ ಆರಿಸಿದಾಗ. ನೇರ ಉಂಗುರದಲ್ಲಿ 2 ಮತ್ತು 4 ಸತ್ತರೆ ನಡುವಿನ 3 ಅನಾಥ; ಲೈಟೆಲ್ಲ ಹಸಿರು, ಆದರೆ ಅದಕ್ಕೆ ಸೇರಿದ ಲ್ಯಾಬ್ ಪೂರ್ತಿ ನೆಟ್‌ವರ್ಕಿನಿಂದ ಹೊರಗೆ. ಜಡೆಯಲ್ಲಿ 2 ಮತ್ತು 4 ಅಕ್ಕಪಕ್ಕದವು. ಎರಡೂ ಹೋದರೂ 1-3-5 ಒಟ್ಟಿಗೇ ಉಳಿದವು.

ಆದರೆ ಮೊದಲನೇ ಯುಪಿಎಸ್ ಆರಿಸಿದಾಗ ನನ್ನ ದಡ್ಡತನವೂ ಬೆಳಕಿಗೆ ಬಂತು. ಅಪ್‌ಲಿಂಕ್‌ಗಳನ್ನು (ಸ್ಟ್ಯಾಕಿನಿಂದ ಹೊರಗಿನ ನೆಟ್‌ವರ್ಕಿಗೆ ಹೋಗುವ ಕೇಬಲ್) ಮೇಲೊಂದು ಕೆಳಗೊಂದು ಅಂತ 1 ಮತ್ತು 5ರಲ್ಲಿ ಹಾಕಿದ್ದೆ. ಎರಡೂ ಒಂದೇ ಯುಪಿಎಸ್ ಮೇಲೆ! 2 ಮತ್ತು 4 ಜೀವಂತ ಇದ್ದೂ ಹೊರಗೆ ದಾರಿಯಿಲ್ಲ. ಈಗ ಅಪ್‌ಲಿಂಕ್ 1 ಮತ್ತು 4ರಲ್ಲಿವೆ, ಎಲ್‌ಎಸಿಪಿ ಅನ್ನೋ ಪ್ರೋಟೋಕಾಲ್ ಹಾಕಿ ಎರಡನ್ನೂ ಒಂದೇ ಲಿಂಕಾಗಿ, ಅಂದರೆ ಈಥರ್‌ಚಾನೆಲ್ ಆಗಿ, ಕಟ್ಟಿದ್ದೇನೆ (ಎರಡು ಸ್ವಿಚ್‌ಗಳಿಗೆ ಹರಡಿದ ಈಥರ್‌ಚಾನೆಲ್‌ಗೆ ಸಿಸ್ಕೋದ್ದೇ ಪ್ರೋಟೋಕಾಲ್ ಆದ ಪಿಎಜಿಪಿ ನಡೆಯದು). ಮಾಸ್ಟರ್ ಪ್ರಯಾರಿಟಿ (ಹೆಚ್ಚಿದ್ದಕ್ಕೆ ಮಾಸ್ಟರ್ ಆಗುವ ಆದ್ಯತೆ) 1ನೇ ಸ್ವಿಚ್ಚಿಗೆ 15, 4ನೆಯದಕ್ಕೆ 14.

ಜಡೆಯ ತೊಂದರೆ ಒಂದೇ: ಹೊಸಬರಿಗೆ ಅದು ಯಾರೋ ತಪ್ಪಾಗಿ ಚುಚ್ಚಿದ ಹಾಗೆ ಕಾಣುತ್ತದೆ. ನಮ್ಮ ಲ್ಯಾಬ್ ಹುಡುಗ ಒಮ್ಮೆ “ಸಾರ್, ಇದನ್ನ ಸರಿ ಮಾಡ್ಲಾ?” ಅಂತ ಕೈ ಹಾಕಿಯೇಬಿಟ್ಟಿದ್ದ. ಆವತ್ತೇ ಪ್ರತಿ ಕೇಬಲ್ಲಿನ ಎರಡೂ ತುದಿಗೆ ನಂಬರ್ ಟೇಪ್ ಸುತ್ತಿದೆ.

ಲೈಬ್ರರಿಯ ರ‍್ಯಾಕಿನಲ್ಲಿ ಸ್ವಿಚ್ ಮೂರೇ. ಅಲ್ಲಿ ಜಡೆ ಹಾಕಿದರೂ ಅದೇ ಉಂಗುರ, ಹಾಕದಿದ್ದರೂ ಅದೇ.