ಕ್ಯಾಡಿಲಾಕ್, ಪ್ಯಾಕಾರ್ಡ್, ಪಿಯರ್ಸ್-ಆರೋ: ನೂರು ವರ್ಷ ದಾಟಿದ ಮೂರು ಕಾರು ಓಡಿಸಿ ನೋಡಿದ ಮೇಲೆ

ಹಳೆಯ ಐಷಾರಾಮಿ ಕಾರು ಕೊಳ್ಳಲು ಹೊರಟವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಸೀಟಿನ ಚರ್ಮ. ದುಡ್ಡು ಕೊಟ್ಟರೆ ಎರಡನ್ನೂ ಯಾರಾದರೂ ಹೊಸದಾಗಿ ಮಾಡಿಕೊಡುತ್ತಾರೆ. ಕಾರನ್ನು ಶೆಡ್ಡಿನಲ್ಲಿ ನಿಲ್ಲಿಸದೆ ರಸ್ತೆಗೆ ಇಳಿಸುವ ಆಸೆ ಇದ್ದವರು ನೋಡಬೇಕಾದ್ದು ಬೇರೆಯೇ ಇದೆ.

ಮಿಷಿಗನ್‌ನ ನಮ್ಮ ಕಡೆ ಇಂಥ ಕಾರು ಇಟ್ಟುಕೊಂಡ ಗೆಳೆಯರಿದ್ದಾರೆ. ಅವರ ದಯೆಯಿಂದ ರಿಪೇರಿ ಮಾಡಿ ಹೊಸದಾಗಿಸಿದ ಮೂರು ಟೂರಿಂಗ್ ಕಾರುಗಳನ್ನು ಹಳ್ಳಿ ರಸ್ತೆಯಲ್ಲಿ ಓಡಿಸಲು ಸಿಕ್ಕಿತು. 1915ರ ಕ್ಯಾಡಿಲಾಕ್ ಟೈಪ್ 51, ಮೊದಲ ಸರಣಿಯ ಪ್ಯಾಕಾರ್ಡ್ ಟ್ವಿನ್ ಸಿಕ್ಸ್, ಮತ್ತು ಪಿಯರ್ಸ್-ಆರೋ 48. ಮೂರೂ ತೆರೆದ ಕಾರುಗಳು. ಬಟ್ಟೆಯ ಮಡಚುವ ಮೇಲ್ಛಾವಣಿ, ಹಿಂದೆ ಕಾಲು ಚಾಚುವಷ್ಟು ಜಾಗ.

ಇವು ಒಂದಕ್ಕೊಂದು ಉತ್ತರವಾಗಿ ಹುಟ್ಟಿದ ಕಾರುಗಳು. 1914ರಲ್ಲಿ ಕ್ಯಾಡಿಲಾಕ್ ಎಂಟು ಸಿಲಿಂಡರಿನ ವಿ8 ಎಂಜಿನ್ ಘೋಷಿಸಿತು. ಮರುವರ್ಷ ಪ್ಯಾಕಾರ್ಡ್ ಎಂಟನ್ನು ಹಾರಿ ಹನ್ನೆರಡಕ್ಕೇ ಹೋಯಿತು. ಅದರ ಹಿಂದಿದ್ದ ಎಂಜಿನಿಯರ್ ಜೆಸ್ಸಿ ವಿನ್ಸೆಂಟ್. ಬಫಲೋ ನಗರದ ಪಿಯರ್ಸ್-ಆರೋದವರು ಮಾತ್ರ ಜಗ್ಗಲಿಲ್ಲ. ಆರು ಸಿಲಿಂಡರ್ ಸಾಕು ಅಂತ 1928ರವರೆಗೂ ಹಟ ಹಿಡಿದು ಕೂತರು. ಆಗಿನ ಬೆಲೆ ಕ್ಯಾಡಿಲಾಕ್‌ಗೆ 1,975 ಡಾಲರ್, ಪ್ಯಾಕಾರ್ಡ್‌ನ ಉದ್ದದ ಮಾದರಿಗೆ 2,950, ಪಿಯರ್ಸ್‌ಗೆ ಸುಮಾರು 5,000. ಅದೇ ಹೊತ್ತಿಗೆ ಫೋರ್ಡ್ ಮಾಡೆಲ್ ಟಿ 500 ಡಾಲರ್‌ಗಿಂತ ಕಡಿಮೆಗೆ ಸಿಗುತ್ತಿತ್ತು. (ಪ್ಯಾಕಾರ್ಡ್, ಪಿಯರ್ಸ್ ಜೊತೆ ಆಗ ಹೆಸರು ಮಾಡಿದ್ದ, ಪಿ ಅಕ್ಷರದಿಂದಲೇ ಶುರುವಾಗುವ ಇನ್ನೊಂದು ಕಂಪನಿ, ಪೀರ್‌ಲೆಸ್, ನನಗೆ ಓಡಿಸಲು ಸಿಗಲಿಲ್ಲ. ಆ ಕಂಪನಿ ಕೊನೆಗೆ ಕಾರು ಬಿಟ್ಟು ಬಿಯರ್ ತಯಾರಿಸಲು ಹೋಯಿತು!)

ಕ್ಯಾಡಿಲಾಕ್ ಹತ್ತಿದರೆ ಪರಕೀಯ ಅನ್ನಿಸುವುದೇ ಇಲ್ಲ. ಸ್ಟೀರಿಂಗ್ ಎಡಕ್ಕೆ, ಮೂರು ಗೇರು, ಹಗುರ ಕ್ಲಚ್. ಸೆಲ್ಫ್ ಸ್ಟಾರ್ಟರ್ ಇದೆ. 1912ರಲ್ಲೇ ಚಾರ್ಲ್ಸ್ ಕೆಟರಿಂಗ್ ಮಾಡಿದ ಸ್ಟಾರ್ಟರನ್ನು ಹಾಕಿ ಜನರನ್ನು ಹ್ಯಾಂಡಲ್ ತಿರುಗಿಸುವ ಕಷ್ಟದಿಂದ ಪಾರು ಮಾಡಿದ್ದು ಇದೇ ಕಂಪನಿ. 70 ಅಶ್ವಶಕ್ತಿ ಇವತ್ತಿಗೂ ಹಳ್ಳಿ ರಸ್ತೆಗೆ ಸಾಕು. ತೊಂದರೆ ಶುರುವಾಗುವುದು ಗಂಟೆಗೆ 65 ಕಿಲೋಮೀಟರ್ ದಾಟಿದ ಮೇಲೆ. ಕಾಲ ಕೆಳಗಿನ ಹಲಗೆ ಜುಂ ಅನ್ನುತ್ತದೆ, ಸ್ಟೀರಿಂಗ್ ಕೈಯಲ್ಲಿ ನಡುಗುತ್ತದೆ. ರಿಪೇರಿ ಮಾಡಿದವರನ್ನು ಬೈಯುವಂತಿಲ್ಲ, ಇದು ಹುಟ್ಟುಗುಣ. ಆ ಎಂಜಿನ್ನಿನ, ಪಿಸ್ಟನ್ ಓಡಾಟವನ್ನು ತಿರುಗಾಟವಾಗಿಸುವ ದಂಡ ಅಂದರೆ ಕ್ರ್ಯಾಂಕ್‌ಶಾಫ್ಟ್ ಚಪ್ಪಟೆ ನಮೂನೆಯದು, ನಾಲ್ಕೂ ತಿರುವು ಒಂದೇ ಮಟ್ಟದಲ್ಲಿ ಇರುತ್ತವೆ. ಹಾಗಾಗಿ ಪಿಸ್ಟನ್‌ಗಳ ಓಡಾಟದಿಂದ ಬರುವ ಅಡ್ಡ ಅಲುಗಾಟ ಅಲ್ಲೇ ಉಳಿಯುತ್ತದೆ. 1923ರಲ್ಲಿ ತೊಂಬತ್ತು ಡಿಗ್ರಿ ತಿರುವಿನ ಕ್ರ್ಯಾಂಕ್ ತಂದ ಮೇಲೆಯೇ ಕ್ಯಾಡಿಲಾಕ್‌ನ ನಡುಕ ನಿಂತಿದ್ದು.

ಅಲ್ಲಿಂದ ಇಳಿದು ಪ್ಯಾಕಾರ್ಡ್ ಹತ್ತಿದರೆ ಎಂಜಿನ್ ಆಫ್ ಆಗಿದೆಯೇನೋ ಅನ್ನಿಸುತ್ತದೆ. ಅರವತ್ತು ಡಿಗ್ರಿ ಕೋನದಲ್ಲಿ ಕೂರಿಸಿದ ಎರಡು ಆರು ಸಿಲಿಂಡರ್ ಸಾಲುಗಳು. ಪ್ರತಿ ಸಾಲೂ ತನ್ನ ಅಲುಗಾಟವನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಸುಮಾರು 7 ಲೀಟರ್, 88 ಅಶ್ವಶಕ್ತಿ. ನಡಿಗೆಯ ವೇಗಕ್ಕೆ ಇಳಿದರೂ ಟಾಪ್ ಗೇರ್ ಬದಲಿಸುವ ಅಗತ್ಯ ಬೀಳಲಿಲ್ಲ. ಆಕ್ಸಿಲರೇಟರ್ ಒತ್ತಿದರೆ ಸದ್ದಿಲ್ಲದೆ ವೇಗ ಏರುತ್ತದೆ. ಈ ಕಾರುಗಳ ಗೇರುಗಳಲ್ಲಿ ಸಿಂಕ್ರೋಮೆಶ್ (ಗೇರುಗಳ ವೇಗವನ್ನು ತಾನೇ ಹೊಂದಿಸುವ ವ್ಯವಸ್ಥೆ) ಇಲ್ಲ, ಪ್ರತಿ ಸಲ ಕ್ಲಚ್ ಎರಡು ಬಾರಿ ತುಳಿಯಬೇಕು. ಹಾಗಿರುವಾಗ ಗೇರ್ ಬದಲಿಸದೆ ಓಡುವ ಎಂಜಿನ್ ಎಷ್ಟು ಸುಖ ಅಂತ ಓಡಿಸಿದವರಿಗೇ ಗೊತ್ತು. 1921ರಲ್ಲಿ ವಾರೆನ್ ಹಾರ್ಡಿಂಗ್ ಅಧ್ಯಕ್ಷ ಪದವಿಯ ಪ್ರಮಾಣವಚನಕ್ಕೆ ಕಾರಿನಲ್ಲಿ ಹೋದ ಮೊದಲಿಗರಾದರು. ಅವರು ಕೂತಿದ್ದೂ ಟ್ವಿನ್ ಸಿಕ್ಸ್‌ನಲ್ಲೇ.

ಇನ್ನು ಪಿಯರ್ಸ್. ನೋಡಲು ಇದಕ್ಕೆ ಸಾಟಿ ಇಲ್ಲ. ಹೆಡ್‌ಲೈಟುಗಳು ಮಡ್‌ಗಾರ್ಡಿನಿಂದಲೇ ಮೂಡಿ ಬಂದಂತಿವೆ. ಹರ್ಬರ್ಟ್ ಡಾಲಿ ರೂಪಿಸಿದ ಈ ವಿನ್ಯಾಸಕ್ಕೆ 1914ರಲ್ಲಿ ಪೇಟೆಂಟ್ ಸಿಕ್ಕಿತ್ತು. ಬಾಡಿ ಎರಕ ಹೊಯ್ದ ಅಲ್ಯೂಮಿನಿಯಂ, ಬಾಗಿಲು ಮುಚ್ಚಿದರೆ ಕೇಳುವ ಸದ್ದೇ ಬೇರೆ. ಎಂಜಿನ್ 8.6 ಲೀಟರ್. ಏರು ಸಿಕ್ಕರೆ ಲೋಡು ಗಾಡಿಗೆ ಕಟ್ಟಿದ ಹಳ್ಳಿಕಾರ್ ಜೋಡಿಯ ಹಾಗೆ ಆತುರವಿಲ್ಲದೆ ಎಳೆಯುತ್ತದೆ. ಬೆಂಗಳೂರಲ್ಲಿ ಡ್ರೈವಿಂಗ್ ಕಲಿತ ನನಗೆ ಬಲಗಡೆಯ ಸ್ಟೀರಿಂಗ್ ನೋಡಿ ಖುಷಿಯೇ ಆಯಿತು. ಆದರೆ ರಸ್ತೆ ಅಮೆರಿಕದ್ದು, ಅಲ್ವಾ? ಮುಂದಿನ ಟ್ರ್ಯಾಕ್ಟರ್ ದಾಟಬೇಕಾದರೆ ಎದುರಿನಿಂದ ಏನು ಬರುತ್ತಿದೆ ಅಂತ ಪಕ್ಕದಲ್ಲಿ ಕೂತವರನ್ನೇ ಕೇಳಬೇಕು. 1920ರವರೆಗೂ ಪಿಯರ್ಸ್‌ನವರು ಸ್ಟೀರಿಂಗ್ ಎಡಕ್ಕೆ ತರಲಿಲ್ಲ. ಶೋಫರ್ ಇಟ್ಟುಕೊಂಡವರ ಕಾರು ಇದು. ಕೂತು ಹೋಗುವವರಿಗೆ ಸ್ವರ್ಗ, ಓಡಿಸುವವರ ತೋಳಿಗೆ ವ್ಯಾಯಾಮ.

ಬ್ರೇಕಿನ ವಿಷಯದಲ್ಲಿ ಮೂರಕ್ಕೂ ಒಂದೇ ಗತಿ. ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬ್ರೇಕು, ಕಾರಿನ ತೂಕ ಎರಡು ಟನ್ ಆಸುಪಾಸು. ಹಗುರ ಇರುವುದರಿಂದ ಕ್ಯಾಡಿಲಾಕ್ ಸ್ವಲ್ಪ ಬೇಗ ನಿಲ್ಲುತ್ತದೆ. ಪಿಯರ್ಸ್‌ನಲ್ಲಿ ಟ್ರಾಫಿಕ್ ಲೈಟ್ ದೂರದಲ್ಲಿ ಕಂಡಾಗಲೇ ಕಾಲು ಬ್ರೇಕಿನ ಮೇಲಿರಬೇಕು.

ಕೊಳ್ಳುವವರು ಇನ್ನೊಂದು ವಿಷಯ ಗಮನಿಸಬೇಕು. ಹಾರ್ಸ್‌ಲೆಸ್ ಕ್ಯಾರೇಜ್ ಕ್ಲಬ್ಬಿನ ಹಳೆ ಕಾರುಗಳ ಯಾತ್ರೆಗೆ 1916ರ ಜನವರಿ 1ಕ್ಕಿಂತ ಮುಂಚೆ ತಯಾರಾದ ಕಾರೇ ಬೇಕು. ಈ ಒಂದು ಗೆರೆಯಿಂದ ಬೆಲೆ ಏರಿಳಿಯುತ್ತದೆ. ಟ್ವಿನ್ ಸಿಕ್ಸ್ 1916ರ ಮಾದರಿ ಅಂತ ಮಾರಾಟವಾದರೂ 1915ರಲ್ಲೇ ತಯಾರಾಗಲು ಶುರುವಾಗಿತ್ತು. ಹಾಗಾಗಿ ತಯಾರಾದ ದಿನದ ದಾಖಲೆ ಕೇಳಿ. ಆದರೆ ಗೆರೆಯ ಈಚೆಗಿನ ಕಾರಿಗೂ ಒಂದು ಲಾಭ ಇದೆ. ನಾನು ಓಡಿಸಿದ ಈ ಮೂರರಲ್ಲೂ ಬಿಚ್ಚಬಹುದಾದ ಸಿಲಿಂಡರ್ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಇಲ್ಲ, ವಾಲ್ವ್ ಕೆಲಸವೆಂದರೆ ದೊಡ್ಡ ರಗಳೆ. 1918ರ ಕ್ಯಾಡಿಲಾಕ್ ಟೈಪ್ 57ಕ್ಕೆ ಹೆಡ್ ಬಿಚ್ಚಬಹುದು. ಕ್ಲಬ್ಬಿನ ಯಾತ್ರೆಯ ಹಂಬಲ ಇಲ್ಲದವರು ಸುಮ್ನೆ ಅದನ್ನೇ ಹುಡುಕಬಹುದು.

ರಿಪೇರಿಯ ಮಟ್ಟಿಗೆ ಪಿಯರ್ಸ್ ದುಬಾರಿ. ಎರಕದ ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ ನಿಜ, ಬಿರುಕು ಬಿಟ್ಟರೆ ಬೆಸುಗೆ ಹಾಕಲು ಬಲ್ಲವರು ಬೇಕು. ಕ್ಯಾಡಿಲಾಕ್ 1915ರ ಮಾದರಿಯೊಂದೇ ಸುಮಾರು 13,000 ತಯಾರಾದವು, ಟ್ವಿನ್ ಸಿಕ್ಸ್ ಒಟ್ಟು 35,000ಕ್ಕೂ ಹೆಚ್ಚು. ಅದಕ್ಕೇ ಆ ಎರಡಕ್ಕೆ ಭಾಗಗಳನ್ನು ಹುಡುಕುವುದು ಅಷ್ಟು ಕಷ್ಟವಲ್ಲ.

ನನ್ನ ಆಯ್ಕೆ ಪ್ಯಾಕಾರ್ಡ್. ಮನೆ ಮುಂದೆ ನಿಲ್ಲಿಸಿ ನೋಡುತ್ತಾ ಕೂರಲು ಪಿಯರ್ಸ್ ಚೆಂದ, ಕಡಿಮೆ ದುಡ್ಡಿನಲ್ಲಿ ಈ ಲೋಕಕ್ಕೆ ಕಾಲಿಡಲು ಕ್ಯಾಡಿಲಾಕ್ ಸರಿ. ಇಡೀ ದಿನ ಓಡಿಸಿ ಸಂಜೆ ಇನ್ನೂ ಸ್ವಲ್ಪ ದೂರ ಹೋಗೋಣ ಅನ್ನಿಸಿದ್ದು ಪ್ಯಾಕಾರ್ಡ್‌ನಲ್ಲಿ ಮಾತ್ರ. ಯಾವುದನ್ನು ನೋಡಲು ಹೋದರೂ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಯಿತು ಅಂತ ಒಪ್ಪಬೇಡಿ. ಅರ್ಧ ಗಂಟೆ ಓಡಿಸಿ, ಬಿಸಿಯಾದ ಮೇಲೆ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ ತೋರಿಸಲು ಹೇಳಿ. ಮಾಲೀಕರು ಆಗ ಏನೇನೋ ನೆಪ ತೆಗೆದರೆ ಬೆಲೆ ಮಾತಾಡುವ ಅಗತ್ಯವೇ ಇಲ್ಲ.